ಅಪ್ಪ ಬೀಡಿ ಸೇದುತ್ತಿರಲಿಲ್ಲ

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದ ಮೇಲೆ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: ಬೀಡಿ ಸೇದುತ್ತಿದ್ದರಾ? ಇಲ್ಲ ಎಂದರೆ ಅವರ ಮುಖ ಸಪ್ಪೆಯಾಗುತ್ತಿತ್ತು. ಹೌದು ಎಂದಿದ್ದರೆ ಅವರಿಗೆ ಒಳಗೊಳಗೇ ಹಗುರಾಗುತ್ತಿತ್ತೆಂದು ಈಗ ಅನ್ನಿಸುತ್ತದೆ. ಸೇದಿದ, ಬಂತು, ನಾವು ಸೇದುವುದಿಲ್ಲ, ನಮಗೆ ಬರುವುದಿಲ್ಲ. ಅಷ್ಟು ಸಲೀಸಾದ ಲೆಕ್ಕವನ್ನು ಅಪ್ಪ ಕೆಡಿಸಿಬಿಟ್ಟಿದ್ದ.

ಬೀಡಿ ಸೇದುತ್ತಿದ್ದವನು ದೊಡ್ಡಪ್ಪ, ಅಪ್ಪನ ಅಣ್ಣ. ಮೀಸೆ ಮೂಡುವ ಮೊದಲೇ ಹಚ್ಚಿದ್ದಂತೆ. ದೊಡ್ಡಮ್ಮ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವನು ಮತ್ತೆ ಮದುವೆಯಾಗಲಿಲ್ಲ. ಊಟ ನಮ್ಮ ಮನೆಯಲ್ಲಿ, ನಿದ್ದೆ ಗಿರಣಿಯ ಮುಂದಿನ ಕೋಣೆಯಲ್ಲಿ. ಸಿಂಗಟಗೆರೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ರಾಗಿ ಸುರಿಯುವುದು, ಬೀಳುವ ಹಿಟ್ಟನ್ನು ಬೆರಳಲ್ಲಿ ಹಿಸುಕಿ ನೋಡಿ ಕಲ್ಲನ್ನು ಬಿಗಿ ಮಾಡುವುದು ಅಪ್ಪನ ಕೆಲಸ. ಎಂಜಿನ್ನು, ಬೆಲ್ಟು ದೊಡ್ಡಪ್ಪನದು. ನಾನು ಚಿಕ್ಕವಳಿದ್ದಾಗ ಡೀಸೆಲ್ ಎಂಜಿನ್ ಇತ್ತು. ಅದರ ಕೊಳವೆ ಹಿತ್ತಿಲ ಕಡೆಗೆ ಚಾಚಿಕೊಂಡಿದ್ದರೂ ಗಾಳಿ ತಿರುಗಿದರೆ ಕಪ್ಪು ಹೊಗೆಯೆಲ್ಲ ಒಳಗೇ ಬರುತ್ತಿತ್ತು. ಕರೆಂಟಿನ ಮೋಟರು ಬಂದದ್ದು ಎಷ್ಟೋ ವರ್ಷದ ಮೇಲೆ. ಸಂಜೆ ಅಪ್ಪ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಮುಖ ತೊಳೆದ ಮೇಲೇ ಅವನಿಗೆ ಅವನ ವಯಸ್ಸು ಮರಳಿ ಬರುತ್ತಿತ್ತು.

ಗಿರಣಿಯೊಳಗೆ ಬೆಂಕಿ ಕೂಡದು. ಹಾಗಾಗಿ ದೊಡ್ಡಪ್ಪ ಹೊರಗಿನ ಚಪ್ಪಡಿಯ ಮೇಲೆ ಕೂತು ಸೇದುತ್ತಿದ್ದ. ಅವನು ಎದ್ದು ಹೋದದ್ದೇ ತಡ, ಅಪ್ಪನೂ ಕೈ ಒರೆಸಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಅವನು ಸೇದುವುದು, ಇವನು ರಸ್ತೆ ನೋಡುವುದು. ದಿನದಲ್ಲಿ ಅವರಿಗೆ ಸಿಗುತ್ತಿದ್ದ ಬಿಡುವು ಅದೊಂದೇ. ಮಳೆ ಬಂದರೆ ಮುಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೂರುತ್ತಿದ್ದರು. ಬೆಂಕಿಪೊಟ್ಟಣ ಎಲ್ಲಿಟ್ಟೆನೆಂದು ದೊಡ್ಡಪ್ಪ ಸದಾ ಮರೆಯುತ್ತಿದ್ದುದರಿಂದ ಅಪ್ಪನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದಿರುತ್ತಿತ್ತು. ಎಷ್ಟೋ ಸಲ ಅಪ್ಪನೇ ಕಡ್ಡಿ ಗೀರಿ, ಅಂಗೈ ಮರೆಮಾಡಿ ಹಿಡಿಯುತ್ತಿದ್ದ.

ಅಪ್ಪನಿಗೆ ಕೆಮ್ಮು ಶುರುವಾದಾಗ ನಾವ್ಯಾರೂ ಗಾಬರಿಯಾಗಲಿಲ್ಲ. ಗಿರಣಿಯವನಿಗೆ ಕೆಮ್ಮು ಹೊಸದಲ್ಲ. ಹಿಟ್ಟಿನ ಧೂಳೆಂದು ಅಮ್ಮ ಮೂಗಿಗೆ ಟವೆಲು ಕಟ್ಟಿಕೊಳ್ಳಲು ಹೇಳಿದಳು. ಜೀರಿಗೆ ಕಷಾಯ ಮಾಡಿಕೊಟ್ಟಳು. ಕಡೂರಿನಲ್ಲಿ ಕಫ ಪರೀಕ್ಷೆ ಮಾಡಿಸಿದೆವು. ಕ್ಷಯವಲ್ಲ ಎಂದಾಗ ಎಲ್ಲರೂ ನೆಮ್ಮದಿಯಿಂದ ಬಸ್ಸು ಹತ್ತಿ ಊರಿಗೆ ಬಂದೆವು. ಅದು ಯಾವುದಲ್ಲ ಎಂದು ತಿಳಿದದ್ದನ್ನೇ ಏನೂ ಇಲ್ಲ ಎಂದುಕೊಂಡೆವು. ಮಾಗಿ ಕಳೆಯುವ ಹೊತ್ತಿಗೆ ಅಪ್ಪನ ಅಂಗಿ ಹೆಗಲಲ್ಲಿ ಜೋಲುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಂಡಿತು.

ನಾನು ತರೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಲ್ಲಿಂದ ಶಿವಮೊಗ್ಗ ಹತ್ತಿರ. ಅಪ್ಪನನ್ನು ನನ್ನ ಬಾಡಿಗೆ ಮನೆಗೆ ಕರೆಸಿಕೊಂಡು ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆದೊಯ್ದೆ. ದೊಡ್ಡಪ್ಪನೂ ಬಂದಿದ್ದ. ಸ್ಕ್ಯಾನಿಗೆ ಮೊದಲು ಅಂಗಿ ಬಿಚ್ಚಿದಾಗ ಜೇಬಿನಿಂದ ಬೆಂಕಿಪೊಟ್ಟಣ ಕೆಳಗೆ ಬಿತ್ತು. ಅಲ್ಲಿದ್ದ ಎಳೆಯ ಡಾಕ್ಟರು ಅದನ್ನು ನೋಡಿ, ಎಷ್ಟು ವರ್ಷದಿಂದ ಸೇದುತ್ತೀರಿ ಎಂದು ಕೇಳಿದರು. ಸೇದಲ್ಲ ಎಂದ ಅಪ್ಪ. ಡಾಕ್ಟರು ನಕ್ಕು, ಇಲ್ಲಿ ಮುಚ್ಚಿಡಬಾರದು ಯಜಮಾನರೇ ಎಂದರು. ಮಗಳ ಮುಂದೆ ಸುಳ್ಳುಗಾರನಾದ ಹಾಗೆ ಅಪ್ಪ ನನ್ನ ಮುಖ ನೋಡಿದ. ಅಷ್ಟರಲ್ಲಿ ಹಿಂದೆ ನಿಂತಿದ್ದ ದೊಡ್ಡಪ್ಪ ಮುಂದೆ ಬಂದು ಪೊಟ್ಟಣವನ್ನು ಎತ್ತಿಕೊಂಡು, "ಇದು ನಂದು ಸ್ವಾಮಿ. ಸೇದೋನು ನಾನು. ಇವನು ಮಡಿಕ್ಕಂಡಿರ್ತಾನೆ ಅಷ್ಟೇ," ಎಂದ. ಆ ಮಾತು ಮುಗಿಯುವ ಮೊದಲೇ ಅವನ ಮುಖ ಬದಲಾದದ್ದನ್ನು ನಾನು ಕಂಡೆ. ತಾನು ಹೇಳಿದ್ದು ಏನೆಂದು ಅವನಿಗೇ ಆಗ ಕೇಳಿಸಿತ್ತು.

ಕಾಯಿಲೆಯ ಹೆಸರು ಹೇಳಿದವರು ಹಿರಿಯ ಡಾಕ್ಟರಮ್ಮ. ಅವಸರ ಮಾಡದೆ, ಅಪ್ಪನನ್ನೇ ನೋಡುತ್ತಾ ಹೇಳಿದರು. ಬೆಳೆದಿದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ. ಔಷಧಿಯಿಂದ ಸ್ವಲ್ಪ ಕಾಲ ತಡೆಯಬಹುದು. ಅಪ್ಪ ಹೂಂ ಎಂದ. ನಾನು ಮೇಜಿನ ಅಂಚು ಹಿಡಿದಿದ್ದೆ. ಪ್ರಶ್ನೆ ಕೇಳಿದವನು ದೊಡ್ಡಪ್ಪ. ತಾನು ಬೀಡಿ ಸೇದುವಾಗ ಈ ತಮ್ಮ ಜೀವಮಾನವೆಲ್ಲ ಪಕ್ಕದಲ್ಲೇ ಕೂತಿದ್ದಾನೆ, ಅದರಿಂದ ಬಂತೇ ಎಂದು.

ಬೀಡಿಯ ಹೊಗೆ ಸೇದುವವರಿಗಷ್ಟೇ ಅಲ್ಲ, ಪಕ್ಕದವರಿಗೂ ಅಪಾಯವನ್ನು ಹೆಚ್ಚಿಸುತ್ತದೆ, ಅದರಲ್ಲಿ ಅನುಮಾನವಿಲ್ಲ ಎಂದರು ಡಾಕ್ಟರಮ್ಮ. ಡೀಸೆಲ್ ಹೊಗೆಯೂ ಹಾಗೆಯೇ, ಸೌದೆ ಒಲೆಯ ಹೊಗೆಯೂ ಹಾಗೆಯೇ. ಇದಾವುದೂ ಇಲ್ಲದವರಿಗೂ ಬಂದದ್ದನ್ನು ನೋಡಿದ್ದೇನೆ ಎಂದರು. "ಸಾವಿರಾರು ಜನರನ್ನ ಒಟ್ಟಿಗೆ ನೋಡಿದ್ರೆ ಹೊಗೆ ಇರೋ ಕಡೆ ಈ ಕಾಯಿಲೆ ಜಾಸ್ತಿ, ಹೊಗೆಯೇ ಕಾರಣ ಅಂತ ಗಟ್ಟಿಯಾಗಿ ಹೇಳಬಹುದು. ಆದ್ರೆ ನಿಮ್ಮ ತಮ್ಮ ಒಬ್ಬರನ್ನೇ ಮುಂದೆ ಕೂರಿಸಿ, ಇವರಿಗೆ ಇದರಿಂದಲೇ ಬಂತು ಅಂತ ಹೇಳಕ್ಕೆ ಆಗಲ್ಲ. ಇದರಿಂದ ಬರಲಿಲ್ಲ ಅಂತಲೂ ಹೇಳಕ್ಕೆ ಆಗಲ್ಲ."

ಕನ್ನಡದಲ್ಲೇ, ಬಿಡಿಸಿ ಹೇಳಿದ ಮಾತು. ಆದರೂ ಅಂದು ಆ ಕೋಣೆಯಿಂದ ಹೊರಬಂದ ಮೂವರೂ ಬೇರೆ ಬೇರೆ ಮಾತು ಕೇಳಿಸಿಕೊಂಡಿದ್ದೆವು. ಅಪ್ಪ ಕೇಳಿಸಿಕೊಂಡದ್ದು ಅಣ್ಣನಿಂದ ಬಂತೆಂದು ಹೇಳಲಾಗದು ಎಂಬುದನ್ನು. ದೊಡ್ಡಪ್ಪ ಕೇಳಿಸಿಕೊಂಡದ್ದು ಇನ್ನರ್ಧವನ್ನು. ನಾನು ಕೇಳಿಸಿಕೊಂಡದ್ದು ಸ್ವಲ್ಪ ಕಾಲ ಎಂಬುದನ್ನು ಮಾತ್ರ.

ಅಪ್ಪನನ್ನು ಊರಿಗೆ ಕರೆತಂದೆವು. ಅಮ್ಮನಿಗೆ ಮೊದಲು ಅನುಮಾನ ಹುಟ್ಟಿದ್ದು ತನ್ನ ಒಲೆಯ ಮೇಲೆ. ಗ್ಯಾಸು ಬರುವ ತನಕ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ತೆಂಗಿನ ಮಟ್ಟೆ ಉರಿಸಿ ಬೇಯಿಸಿದವಳು. ಹಾಗಿದ್ದರೆ ನಿನಗಲ್ಲವೇ ಬರಬೇಕಾದದ್ದು ಎಂದು ನಾನು ಸಮಾಧಾನ ಹೇಳಿದರೆ, ಅದೇ ಕಣೇ, ನನಗೆ ಬರಬೇಕಿತ್ತು ಎಂದು ಅತ್ತಳು. ಆಮೇಲೆ ಅವಳ ತವರು ಅಜ್ಜಂಪುರದಿಂದ ಸೋದರಮಾವ ನೋಡಲು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಮನೆಯಲ್ಲೇ ಹೊಗೆಗೊಳವೆ ಇಟ್ಟುಕೊಂಡಿದ್ದರೆ ಇನ್ನೇನಾಗುತ್ತದೆ ಎಂದ. ದೊಡ್ಡಪ್ಪ ಜಗುಲಿಯಲ್ಲೇ ಇದ್ದ. ತಲೆ ಎತ್ತಲಿಲ್ಲ. ಅಮ್ಮ ಅಂದಿನಿಂದ ದೊಡ್ಡಪ್ಪನೊಡನೆ ಮಾತು ಬಿಟ್ಟಳು. ಬೈಯಲಿಲ್ಲ, ದೂರಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಭಾವ, ಇನ್ನೊಂಚೂರು ಸಾರು ಹಾಕ್ಲಾ ಎಂಬ ದಿನದ ಮಾತು ನಿಂತುಹೋಯಿತು.

ಊರಿಗೂ ಒಂದು ಕಾರಣ ಬೇಕಾಗಿತ್ತು. ನಮ್ಮ ಬೀದಿಯಲ್ಲಿ ಹಿಂದಿನ ವರ್ಷ ಒಬ್ಬ ಹೆಂಗಸು ಗರ್ಭಕೋಶದ ಕ್ಯಾನ್ಸರಿನಿಂದ ಹೋಗಿದ್ದಳು. ಅವಳೂ ನಮ್ಮ ಗಿರಣಿಯ ಹಿಟ್ಟನ್ನೇ ಉಂಡವಳು ಎಂದು ಯಾರೋ ನೆನಪಿಸಿಕೊಂಡರು. ಗಿರಣಿಯ ಕಲ್ಲಿನಲ್ಲಿ ಏನೋ ಇದೆ, ಹಿಟ್ಟಿನ ಜೊತೆ ಬರುತ್ತದೆ ಎಂಬ ಮಾತು ಹುಟ್ಟಿತು. ಊರಿನಲ್ಲಿ ಬದುಕಿ ಗಟ್ಟಿಮುಟ್ಟಾಗಿದ್ದವರೆಲ್ಲರೂ ಅದೇ ಹಿಟ್ಟನ್ನು ಉಂಡವರೇ. ಅದು ಯಾರಿಗೂ ಹೊಳೆಯಲಿಲ್ಲ. ಆ ಹೆಂಗಸಿನ ಕಾಯಿಲೆ ಬೇರೆ, ಅಪ್ಪನದು ಬೇರೆ ಎಂದು ನಾನು ಸಂತೆಯ ದಿನ ಸಿಕ್ಕ ಒಬ್ಬಿಬ್ಬರಿಗೆ ಹೇಳಿದೆ. ಕ್ಯಾನ್ಸರ್ ಕ್ಯಾನ್ಸರೇ ಅಲ್ಲವಾ ಮೇಡಂ ಎಂದರು. ಅವರಲ್ಲಿ ಕೆಟ್ಟತನವಿರಲಿಲ್ಲ. ಮಕ್ಕಳಿರುವ ಮನೆಯವರು, ಹೆದರಿದ್ದರು. ರಾಗಿ ಚೀಲಗಳು ಟಿವಿಎಸ್ ಗಾಡಿ ಹತ್ತಿ ನಮ್ಮ ಗಿರಣಿಯ ಮುಂದೆಯೇ ಪಕ್ಕದ ಊರಿಗೆ ಹೋಗತೊಡಗಿದವು. ಮೆಣಸಿನಪುಡಿ, ಸಾಂಬಾರಪುಡಿ ಮಾಡಿ ಕಡೂರಿನ ಅಂಗಡಿಗಳಿಗೆ ಕೊಡುತ್ತಿದ್ದ ಒಬ್ಬ ಬೂಬಮ್ಮ ಮಾತ್ರ ಬರುವುದು ಬಿಡಲಿಲ್ಲ. ಎಂದೋ ಅವಳ ಎಳೆ ಮಗಳು ಜ್ವರ ಬಂದು ತೀರಿಕೊಂಡಾಗ, ಮೊಸರನ್ನ ತಿನ್ನಿಸಿದ್ದಕ್ಕೇ ಹೋಯಿತು ಎಂದು ಊರವರು ಅವಳೆದುರಿಗೇ ಹೇಳಿದ್ದರಂತೆ. ಅಮ್ಮನ ಪಕ್ಕ ಕೂತು ಅದನ್ನು ಹೇಳಿದಳು. "ಇವತ್ತಿಗೂ ನಾನು ಮೊಸರು ತಿನ್ನಲ್ಲ ಕಣಮ್ಮ. ಅದರಿಂದ ಅಲ್ಲ ಅಂತ ಡಾಕ್ಟ್ರು ಹೇಳಿದ್ರು. ಗೊತ್ತು ನಂಗೆ. ಆದ್ರೂ ಗಂಟ್ಲಲ್ಲಿ ಇಳಿಯಲ್ಲ." ಅವಳೊಬ್ಬಳ ಮೆಣಸಿನಕಾಯಿಯಿಂದ ಗಿರಣಿ ನಡೆಯುವಂತಿರಲಿಲ್ಲ. ದೊಡ್ಡಪ್ಪ ಬೆಲ್ಟು ಬಿಚ್ಚಿ ಮೊಳೆಗೆ ನೇತುಹಾಕಿದ.

ಆಸ್ಪತ್ರೆಗೆ ಹತ್ತಿರವೆಂದು ಅಪ್ಪ ಆಮೇಲೆ ಉಳಿದ ದಿನಗಳನ್ನು ತರೀಕೆರೆಯ ನನ್ನ ಮನೆಯಲ್ಲೇ ಕಳೆದ. ಅಮ್ಮನೂ ಬಂದು ನಿಂತಳು. ದೊಡ್ಡಪ್ಪ ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಎಳನೀರು ಹೊತ್ತುಕೊಂಡು ಬರುತ್ತಿದ್ದ. ಆದರೆ ಒಳಗೆ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಹೇಗಿದ್ದಾನೆ ಎಂದು ನನ್ನನ್ನು ಕೇಳಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ತನ್ನ ಬಟ್ಟೆಯಲ್ಲಿ, ಉಸಿರಿನಲ್ಲಿ ಹೊಗೆ ಇರುತ್ತದೆ, ಅವನಿಗೆ ತಾಕಬಾರದು ಎಂದು ಹೇಳುತ್ತಿದ್ದ. ಬರುವ ದಿನ ಬೆಳಿಗ್ಗೆಯಿಂದ ಒಂದೂ ಸೇದಿರುತ್ತಿರಲಿಲ್ಲ. ಆದರೂ ಒಳಗೆ ಬರುತ್ತಿರಲಿಲ್ಲ. ಅಪ್ಪ ಮಂಚದಿಂದ ಬಾಗಿಲ ಕಡೆ ನೋಡುತ್ತಿದ್ದ. ಅಲ್ಲಿಂದ ಕಾಣುತ್ತಿದ್ದುದು ಅಣ್ಣನ ಬೆನ್ನು ಮಾತ್ರ.

ಒಂದು ಮಧ್ಯಾಹ್ನ ಅಮ್ಮ ಔಷಧಿ ಅಂಗಡಿಗೆ ಹೋಗಿದ್ದಳು. ನಾನು ಎಳನೀರು ಕೊಚ್ಚುತ್ತಿದ್ದೆ. ದೊಡ್ಡಪ್ಪ ಮೆಟ್ಟಿಲ ಮೇಲಿಂದ ನನ್ನ ಕಡೆ ತಿರುಗಿ ಕೇಳಿದ.

"ನೀನು ಲೆಕ್ಕದ ಮೇಡಮ್ಮು. ಆ ಡಾಕ್ಟ್ರು ಹೇಳಿದ್ದು ನಂಗೆ ಸರ್ಯಾಗಿ ತಿಳೀಲಿಲ್ಲ. ನೀನೇ ಹೇಳವ್ವ. ನನ್ನಿಂದ ಬಂತಾ, ಇಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವನು ನನ್ನನ್ನು ಎತ್ತಿ ಆಡಿಸಿದವನು, ನಾನು ಸುಳ್ಳು ಹೇಳಿದರೆ ಕಣ್ಣಲ್ಲೇ ಹಿಡಿಯುತ್ತಿದ್ದ. ನನಗೆ ತಿಳಿದದ್ದನ್ನು ಅವನಿಗೆ ತಿಳಿಯುವ ಹಾಗೆ ಹೇಳಲು ನೋಡಿದೆ. ಗಿರಣಿಯಲ್ಲಿ ಒಬ್ಬರ ರಾಗಿ ಮುಗಿದು ಇನ್ನೊಬ್ಬರದು ಹಾಕಿದಾಗ, ಮೊದಲ ಬೊಗಸೆಯಲ್ಲಿ ಹಿಂದಿನವರ ಹಿಟ್ಟೂ ಬೆರೆತಿರುತ್ತದಲ್ಲ? ನಾಲ್ಕು ಮನೆಯ ರಾಗಿ ಒಂದೇ ಕಲ್ಲಿಗೆ ಬಿದ್ದ ಮೇಲೆ, ಬೆರಳಿಗಂಟಿದ ಹಿಟ್ಟು ಯಾರ ಹೊಲದ್ದು ಎಂದು ಯಾರಾದರೂ ಹೇಳಬಹುದಾ? ಹಾಗೆಯೇ ಇದೂ. ಎಂಜಿನ್ನಿನ ಹೊಗೆ ಇತ್ತು, ಒಲೆಯದಿತ್ತು, ಬೀಡಿಯದಿತ್ತು. ಏನೂ ಇಲ್ಲದೆಯೂ ಬರುತ್ತದೆ. ಇದೇ ಎಂದು ಬೆರಳಿಟ್ಟು ತೋರಿಸಲಾಗದು.

ದೊಡ್ಡಪ್ಪ ಗಮನವಿಟ್ಟು ಕೇಳಿದ. ಗಿರಣಿಯ ಮಾತಾದ್ದರಿಂದ ಅವನಿಗೆ ಪೂರ್ತಿ ತಿಳಿಯಿತು.

"ಯಾರದ್ದು ಅಂತ ಗೊತ್ತಾಗಕಿಲ್ಲ, ದಿಟ," ಎಂದ. "ಆದ್ರೆ ನಾನೂ ಹಾಕೀನಿ ಅನ್ನೋದು ಗೊತ್ತಲ್ಲವ್ವ."

ಅವನು ಹೇಳಿದ್ದು ಸರಿಯಾಗಿತ್ತು. ಇಷ್ಟು ಹೊತ್ತೂ ಸುಮ್ಮನೆ ಮಲಗಿದ್ದ ಅಪ್ಪ ಒಳಗಿನಿಂದ ಕರೆದ. ಆಗ ಅವನ ದನಿ ಪೂರಾ ಇಳಿದುಹೋಗಿತ್ತು, ನಾನು ಎದ್ದು ಬಾಗಿಲಿಗೆ ಹೋಗಬೇಕಾಯಿತು. ಅಣ್ಣನನ್ನು ಒಳಗೆ ಕಳಿಸು ಎಂದ. ದೊಡ್ಡಪ್ಪ ಹೊಸಿಲ ಬಳಿ ನಿಂತ.

"ನೀನು ಆಚೆ ಕುಂತ್ರೆ ನಂಗೇನು ಉಸಿರು ಸಲೀಸಾಗ್ತದಾ?" ಎಂದ ಅಪ್ಪ. "ನಾನೇ ಬಂದು ಬಂದು ನಿನ್ ಪಕ್ಕ ಕುಂತಿದ್ದು. ನೀನೇನು ಕರ್ದಿದ್ಯಾ? ಬಾ ಇತ್ಲಾಗೆ."

ದೊಡ್ಡಪ್ಪ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. ಅಪ್ಪನ ಕಾಲು ಬಾತಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದ. ಔಷಧಿ ತಂದ ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಅಡುಗೆಮನೆಗೆ ಹೋದಳು. ಆಮೇಲಿನ ವಾರಗಳಲ್ಲಿ ದೊಡ್ಡಪ್ಪ ಊರಿಗೆ ಹೋಗಲೇ ಇಲ್ಲ. ಮಾವು ಬಲಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಕಾಫಿ ಕುಡಿಸುವಾಗ ಅಪ್ಪ ಲೋಟದ ಮೇಲಿನ ಕೈ ಸಡಿಲಿಸಿದ. ಅವನ ಬೆನ್ನಿಗೆ ಒರಗಾಗಿ ಕೂತಿದ್ದವನು ದೊಡ್ಡಪ್ಪನೇ. ಜೀವ ಹೋದದ್ದು ನಮ್ಮೆಲ್ಲರಿಗಿಂತ ಮೊದಲು ಅವನ ಎದೆಗೆ ತಿಳಿದಿತ್ತು.

ಮಣ್ಣು ಮಾಡಿ ಬಂದ ದೊಡ್ಡಪ್ಪ ಮತ್ತೆ ಬೀಡಿ ಮುಟ್ಟಲಿಲ್ಲ. ಯಾರಿಗೂ ಹೇಳಿ ಬಿಟ್ಟದ್ದಲ್ಲ. ಸೇದುವುದನ್ನು ನಾವು ಕಾಣಲಿಲ್ಲ ಅಷ್ಟೇ. ಆದರೆ ಬಿಟ್ಟ ಮೇಲೆ ಅವನ ಕೆಮ್ಮು ಜಾಸ್ತಿಯಾಯಿತು. ಕೆರೆ ಏರಿ ಹತ್ತುವಾಗ ಎರಡು ಕಡೆ ನಿಲ್ಲುವಂತಾಯಿತು. ಟೀ ಅಂಗಡಿಯಲ್ಲಿ ಅವನ ವಯಸ್ಸಿನವರು, ಸೇದುವಾಗ ಕಲ್ಲುಗುಂಡಿನ ಹಾಗಿದ್ದ, ಬಿಟ್ಟಿದ್ದೇ ತಪ್ಪಾಯಿತು ನೋಡು ಎನ್ನುತ್ತಿದ್ದರು. ಒಬ್ಬರಂತೂ, ಸೇದದ ತಮ್ಮ ಸತ್ತ, ಸೇದುವ ಅಣ್ಣ ಬದುಕಿದ್ದ, ಬಿಟ್ಟ ಮೇಲೆ ಇವನಿಗೂ ಬಂತು, ಇನ್ನು ಬೀಡಿಯಿಂದ ಕಾಯಿಲೆ ಅಂತ ಯಾವ ಡಾಕ್ಟರು ಹೇಳಿದರೂ ನಂಬಬಾರದು ಎಂದು ನನ್ನೆದುರಿಗೇ ವಾದ ಮಾಡಿದರು. ನಮ್ಮ ಮನೆಯ ಸಾವು ಬೀಡಿಯ ಪರವಾಗಿ ಸಾಕ್ಷಿ ಹೇಳುವಂತಾಗಿತ್ತು. ನನಗೆ ಕೋಪ ಬರಲಿಲ್ಲ. ಮನೆಗೆ ಬಂದು ಮಲಗಿದೆ.

ಕಡೂರಿನ ಡಾಕ್ಟರು ದೊಡ್ಡಪ್ಪನ ಎದೆಗೆ ಕೊಳವೆ ಇಟ್ಟು ಕೇಳಿ, ಉಸಿರಿನ ಪರೀಕ್ಷೆ ಮಾಡಿಸಿ, ಶ್ವಾಸಕೋಶ ಎಷ್ಟೋ ವರ್ಷದಿಂದ ಸವೆಯುತ್ತಾ ಬಂದಿದೆ ಎಂದರು. ಕ್ಯಾನ್ಸರ್ ಅಲ್ಲ. ಬಿಟ್ಟದ್ದರಿಂದ ಬಂದದ್ದೂ ಅಲ್ಲ. ಬಿಟ್ಟ ಹೊಸದರಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗಿ ಕಾಣುತ್ತದೆ, ಬಿಡದೆ ಇದ್ದಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತು ಎಂದರು. ಸವೆದದ್ದು ಮರಳುವುದಿಲ್ಲ. ಎಳೆದುಕೊಳ್ಳುವ ಔಷಧಿಯ ಪುಟ್ಟ ಡಬ್ಬಿ ಕೊಟ್ಟರು. ಕ್ಯಾನ್ಸರ್ ಅಲ್ಲ ಎಂದಾಗ ದೊಡ್ಡಪ್ಪನ ಮುಖದಲ್ಲಿ ಗೆಲುವು ಕಾಣಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ, ಅದು ನಂಗಾದ್ರೂ ಬರಬಾರದಿತ್ತಾ ಎಂದ. ನಾನು ಅವನ ಕೈ ಹಿಡಿದುಕೊಂಡು ಸಖರಾಯಪಟ್ಟಣದ ಬಸ್ಸು ಹೋಗುವುದನ್ನು, ಇನ್ಯಾವುದೋ ಬಸ್ಸು ಬರುವುದನ್ನು ನೋಡುತ್ತಾ ಕೂತೆ.

ಅಪ್ಪನ ವರ್ಷದ ತಿಥಿಯ ದಿನ ಬಂದವರೆಲ್ಲ ಉಂಡು ಹೋದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ದೊಡ್ಡಪ್ಪ ಇನ್ನೂ ಉಂಡಿರಲಿಲ್ಲ. ಅಮ್ಮ ಎಂದಿನಂತೆ ಎಲೆ ಹಾಕಿ ಬಡಿಸಿ, ಒಳಗೆ ಹೋಗಲು ತಿರುಗಿದಳು. ದೊಡ್ಡಪ್ಪ ಎಲೆಯ ಮುಂದೆ ಕೂತು, ಅವಳ ಮುಖ ನೋಡದೆ, ನೆಲಕ್ಕೆ ಹೇಳುವವನ ಹಾಗೆ ಹೇಳಿದ.

"ನನ್ನಿಂದ್ಲೇ ಬಂದಿರಬೌದು ಕಣಮ್ಮ."

ಅಮ್ಮ ನಿಂತಳು. ಇಲ್ಲ ಎನ್ನುತ್ತಾಳೆಂದು ಆಸೆಪಟ್ಟೆ, ಹೌದು ಎನ್ನುತ್ತಾಳೆಂದು ಹೆದರಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ಇರಬೌದು ಭಾವ," ಎಂದಳು. "ಮುದ್ದೆ ಆರ್ತದೆ, ಉಣ್ಣಿ."

ಒಳಗೆ ಹೋಗಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತಳು. ದೊಡ್ಡಪ್ಪ ಅಳುತ್ತಲೇ ಉಂಡ. ಅವಳು ಎದ್ದು ಇನ್ನೊಂದು ಸೌಟು ಸಾರು ಹಾಕಿದಳು, ಅವನು ಬೇಡ ಎನ್ನಲಿಲ್ಲ.

ದೊಡ್ಡಪ್ಪ ಈಗಲೂ ಇದ್ದಾನೆ. ಗಿರಣಿಯ ಕೋಣೆ ಬಿಟ್ಟು ನಮ್ಮ ಮನೆಯ ಹಜಾರಕ್ಕೆ ಬಂದಿದ್ದಾನೆ. ಚಳಿಗಾಲದಲ್ಲಿ ಮಾತು ಪೂರ್ತಿ ಮಾಡಲು ಉಸಿರು ಸಾಲುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಕೈಯಾಡಿಸುತ್ತಾನೆ; ಉಳಿದದ್ದನ್ನು ಅಮ್ಮ ಹೇಳುತ್ತಾಳೆ, ಹೆಚ್ಚುಸಲ ಸರಿಯಾಗಿಯೇ ಹೇಳುತ್ತಾಳೆ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಬೀರೂರಿನ ಮೇಲೆ ಊರಿಗೆ ಹೋಗುತ್ತೇನೆ. ಆ ಪ್ರಶ್ನೆಯನ್ನು ಅವನು ಮತ್ತೆ ನನ್ನನ್ನು ಕೇಳಿಲ್ಲ.